ಅಮೆರಿಕದ ಮೊದಲ ಫುಟ್‌ಬಾಲ್ ಕಪ್: 1885ರದೋ, 1914ರದೋ?

ಪ್ರಶ್ನೆ: ಕಾಲೇಜಿನ ಕ್ವಿಜ್ ಒಂದಕ್ಕೆ ಪ್ರಶ್ನೆಗಳನ್ನು ಸಿದ್ಧಪಡಿಸುತ್ತಿದ್ದೇನೆ. ಅಮೆರಿಕದ ಅತಿ ಹಳೆಯ ಫುಟ್‌ಬಾಲ್ ಕಪ್ 1913–14ರಲ್ಲಿ ಶುರುವಾದ ಯುಎಸ್ ಓಪನ್ ಕಪ್ ಎಂದು ಒಂದು ಕಡೆ ಓದಿದೆ. ಇನ್ನೊಂದು ಕಡೆ 1885ರಲ್ಲೇ ಅಮೆರಿಕನ್ ಕಪ್ ಫೈನಲ್ ನಡೆದಿತ್ತು ಎಂದಿದೆ. ಯಾವುದನ್ನು ನಂಬಬೇಕು? ಅಷ್ಟು ಹಳೆಯ ಕಪ್ ಇದ್ದರೆ ಅದು ಎಲ್ಲಿ ಹೋಯಿತು? ಆಗಿನ ಆಟ ಈಗಿನ ಫುಟ್‌ಬಾಲ್‌ನಂತೆಯೇ ಇತ್ತೇ? ಬ್ರಿಟನ್ನಿನ ಆಚೆ ನಡೆದ ಮೊದಲ ಕಪ್ ಇದೇ ಎಂದು ಹೇಳಬಹುದೇ?

ಉತ್ತರ: ಮೊದಲು ಬಂದದ್ದು ಅಮೆರಿಕನ್ ಕಪ್. 1884ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಹುಟ್ಟಿದ ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್ 1884–85ರ ಹಂಗಾಮಿನಿಂದಲೇ ಅದನ್ನು ನಡೆಸಿತು. ಈಗ ಯುಎಸ್ ಓಪನ್ ಕಪ್ ಎಂದು ಕರೆಸಿಕೊಳ್ಳುವ ನ್ಯಾಷನಲ್ ಚಾಲೆಂಜ್ ಕಪ್ ಬಂದದ್ದು ಅದಾದ ಸುಮಾರು ಮೂವತ್ತು ವರ್ಷಕ್ಕೆ. ಅದನ್ನು ಹಳೆಯದು ಎನ್ನುವವರು ‘ಇಂದಿಗೂ ನಡೆಯುತ್ತಿರುವ’ ಅಥವಾ ‘ರಾಷ್ಟ್ರೀಯ ಸಂಸ್ಥೆ ನಡೆಸುವ’ ಎಂಬ ಮಾತನ್ನು ನುಂಗಿಬಿಟ್ಟಿರುತ್ತಾರೆ. ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಆ ಮಾತು ಇರಲೇಬೇಕು. ಇಲ್ಲದಿದ್ದರೆ ಸಭಿಕರಲ್ಲಿ ಯಾರಾದರೂ ಎದ್ದು ತಕರಾರು ತೆಗೆದಾಗ ನ್ಯಾಯ ಅವರ ಕಡೆಗೇ ಇರುತ್ತದೆ.

ಅಮೆರಿಕನ್ ಕಪ್ ಎಂಬ ಹೆಸರನ್ನು ಮಾತ್ರ ಪೂರ್ತಿ ನಂಬಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅಮೆರಿಕದ ಕಪ್ ಆಗಿರಲೇ ಇಲ್ಲ, ಈಶಾನ್ಯ ಕರಾವಳಿಯ ಗಿರಣಿ ಊರುಗಳ ಕಪ್ ಆಗಿತ್ತು. ಸೇಂಟ್ ಲೂಯಿಸ್, ಷಿಕಾಗೊ, ಕ್ಯಾಲಿಫೋರ್ನಿಯಾಗಳಲ್ಲೂ ಆಗ ಫುಟ್‌ಬಾಲ್ ಆಡುತ್ತಿದ್ದರು, ಆದರೆ ಅಲ್ಲಿನ ತಂಡಗಳು ಈ ಕಪ್ಪಿನ ವಿಜೇತರ ಪಟ್ಟಿಯಲ್ಲಿ ಕಾಣುವುದಿಲ್ಲ. ಆ ಪಟ್ಟಿಯನ್ನೂ ಅಂದಿನ ನೂಲು, ಬಟ್ಟೆ, ರೇಷ್ಮೆ ಗಿರಣಿಗಳ ನಕ್ಷೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚುಕಡಿಮೆ ಒಂದೇ ಊರುಗಳು ಸಿಗುತ್ತವೆ. ಕಪ್ ಹುಟ್ಟಿದ್ದಕ್ಕೂ ನಿಂತದ್ದಕ್ಕೂ ಕಾರಣವನ್ನು ಅಲ್ಲಿಯೇ ಹುಡುಕಬೇಕು.

ಸ್ಕಾಟ್ಲೆಂಡಿನ ಗ್ಲಾಸ್ಗೊ ಬಳಿಯ ಪೇಸ್ಲಿ ಹೊಲಿಗೆ ದಾರಕ್ಕೆ ಹೆಸರಾದ ಊರು. ಅಲ್ಲಿನ ಕ್ಲಾರ್ಕ್ ಮನೆತನ 1860ರ ದಶಕದಲ್ಲಿ ನ್ಯೂವಾರ್ಕ್‌ನಲ್ಲಿ ದಾರದ ಗಿರಣಿ ತೆರೆಯಿತು. ಹೊಲಿಗೆ ಯಂತ್ರಕ್ಕೆ ಒಗ್ಗುವ ದಾರಕ್ಕೆ ಅವರು ಕೊಟ್ಟ ವ್ಯಾಪಾರದ ಹೆಸರು ‘ಓಎನ್‌ಟಿ’, ಅಂದರೆ ‘ಅವರ್ ನ್ಯೂ ಥ್ರೆಡ್’. ಗಿರಣಿಯ ಹಿಂದೆಯೇ ಪೇಸ್ಲಿ, ಗ್ಲಾಸ್ಗೊ ಕಡೆಯ ಕುಶಲ ಕಾರ್ಮಿಕರೂ ಬಂದರು. ಪಸಾಯಿಕ್ ನದಿಯ ಎರಡೂ ದಡದಲ್ಲಿ, ಮುಖ್ಯವಾಗಿ ನ್ಯೂವಾರ್ಕ್‌ನ ಎದುರಿನ ಕರ್ನಿಯಲ್ಲಿ, ಸ್ಕಾಟರ ಕೇರಿಗಳೇ ಬೆಳೆದವು. ಆಟ ಅವರ ಜೊತೆಗೇ ಹಡಗು ಹತ್ತಿ ಬಂದಿತ್ತು. ಗಿರಣಿಯವರ ತಂಡಕ್ಕೆ ದಾರದ ಹೆಸರನ್ನೇ ಇಟ್ಟರು: ಕ್ಲಾರ್ಕ್ ಓಎನ್‌ಟಿ. ಅಸೋಸಿಯೇಷನ್ ಹುಟ್ಟಿದ್ದೂ ಈ ಗಿರಣಿಯ ಆವರಣದಲ್ಲೇ.

ಸಂಸ್ಥೆ ಕಟ್ಟುವ ಅಗತ್ಯ ಏಕೆ ಬಿತ್ತು ಎಂದರೆ, ಮೈದಾನಕ್ಕೆ ಇಳಿದ ಎರಡು ತಂಡಗಳು ಒಂದೇ ನಿಯಮದಲ್ಲಿ ಆಡುತ್ತವೆ ಎಂಬ ಖಾತರಿ ಇರಲಿಲ್ಲ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ತನ್ನ ನಿಯಮ ಬರೆದದ್ದು 1863ರಲ್ಲಿ. ಆದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಒಂದೇ ನಿಯಮಾವಳಿಗೆ ಒಪ್ಪಿದ್ದು 1882ರ ಕೊನೆಯ ಮ್ಯಾಂಚೆಸ್ಟರ್ ಸಭೆಯಲ್ಲಿ. ಗೋಲುಗಂಬಗಳ ಮೇಲೆ ಕಟ್ಟುವ ಟೇಪಿನ ಬದಲು ಗಟ್ಟಿ ಅಡ್ಡಪಟ್ಟಿ ಕಡ್ಡಾಯವಾದದ್ದು, ಥ್ರೋ-ಇನ್ (ಪಕ್ಕದ ಗೆರೆ ದಾಟಿದ ಚೆಂಡನ್ನು ಮತ್ತೆ ಒಳಗೆ ಎಸೆಯುವುದು) ಎರಡೂ ಕೈಯಲ್ಲಿ ಮಾಡಬೇಕೆಂದು ನಿಗದಿಯಾದದ್ದು ಆಗಲೇ. ಅದಕ್ಕೂ ಮುಂಚೆ ಊರು ಬಿಟ್ಟವನು ತನ್ನೂರಿನ ಹಳೆಯ ರೂಢಿಯನ್ನೇ ಅಮೆರಿಕಕ್ಕೆ ತಂದಿದ್ದ. ಒಬ್ಬನ ಥ್ರೋ-ಇನ್ ಇನ್ನೊಬ್ಬನಿಗೆ ಫೌಲ್. ಅಮೆರಿಕದ ಕಾಲೇಜುಗಳನ್ನು ಕೇಳುವಂತೆಯೂ ಇರಲಿಲ್ಲ. 1869ರಲ್ಲಿ ಪ್ರಿನ್ಸ್‌ಟನ್ ಮತ್ತು ರಟ್ಗರ್ಸ್ ಒಂದು ಕಡೆಗೆ 25 ಜನ ಸೇರಿ ಆಡಿದ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಿರಲಿಲ್ಲ ನಿಜ, ಆದರೆ 1876ರ ಹೊತ್ತಿಗೆ ದೊಡ್ಡ ಕಾಲೇಜುಗಳು ರಗ್ಬಿ ನಿಯಮದತ್ತ ವಾಲಿಬಿಟ್ಟಿದ್ದವು. ಹೀಗಾಗಿ ಚೆಂಡನ್ನು ಕಾಲಲ್ಲಿ ಆಡುವ ಆಟ ವಲಸೆ ಕಾರ್ಮಿಕರ ಪಾಲಿಗೆ ಉಳಿಯಿತು. ಹೊಸ ಅಸೋಸಿಯೇಷನ್ ಲಂಡನ್ನಿನ ನಿಯಮವನ್ನೇ ತೆಗೆದುಕೊಂಡಿತು, ಲಂಡನ್ನಿನ ಸಂಸ್ಥೆಯ ಜೊತೆಗೇ ಸಂಯೋಜನೆಯನ್ನೂ ಇಟ್ಟುಕೊಂಡಿತು. ಈ ಸಂಯೋಜನೆಯೇ ಮುಂದೆ ಅದಕ್ಕೆ ಮುಳುವಾಯಿತು.

ಕಪ್ಪಿನ ಮಾದರಿಯೂ ಇಂಗ್ಲೆಂಡಿನ ಎಫ್‌ಎ ಕಪ್ಪಿನದೇ: ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ, ಸಮ ಆದರೆ ಮರುಪಂದ್ಯ. ಹಂಗಾಮು ಶರತ್ಕಾಲದಲ್ಲಿ ತೆರೆದು ಮರುವರ್ಷದ ವಸಂತಕ್ಕೆ ಮುಗಿಯುತ್ತಿತ್ತು. ಮೊದಲ ಸುತ್ತುಗಳನ್ನು ಹತ್ತಿರದ ಊರಿನ ತಂಡಗಳ ನಡುವೆಯೇ ಇಟ್ಟು ಕೊನೆಯ ಸುತ್ತುಗಳಿಗೆ ಮಾತ್ರ ದೂರ ಪ್ರಯಾಣ ಮಾಡಿಸುತ್ತಿದ್ದರು. ವಾರದ ಕೂಲಿಯ ಮೇಲೆ ಬದುಕುವ ಆಟಗಾರರಿಗೆ ಬೇರೆ ದಾರಿ ಇರಲಿಲ್ಲ. 1885ರ ಮೊದಲ ಫೈನಲ್‌ನಲ್ಲಿ ಓಎನ್‌ಟಿ ತಂಡ ನ್ಯೂಯಾರ್ಕ್ ತಂಡವನ್ನು 2–1ರಿಂದ ಸೋಲಿಸಿತು. 1886, 1887ರಲ್ಲೂ ಅದರದೇ ಗೆಲುವು.

ಆಗಿನ ಆಟ ಹೇಗಿತ್ತು ಎಂಬ ನಿಮ್ಮ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿಯೇ ಉತ್ತರಿಸಬೇಕು. ಆ ಕಾಲದ ಪತ್ರಿಕಾ ವರದಿಗಳಲ್ಲಿ ಕಾಣುವ ಜಗಳಗಳಲ್ಲಿ ಬಹುಪಾಲು ನಿಯಮಗಳಿಂದಲೇ ಹುಟ್ಟಿದವು. ಹನ್ನೊಂದು ಜನ, ಒಂದೂವರೆ ಗಂಟೆ, ಬದಲಿ ಆಟಗಾರ ಇಲ್ಲ. ಒಬ್ಬನ ಕಾಲು ಉಳುಕಿದರೆ ಅವನು ಕುಂಟುತ್ತಲೇ ಆಡಬೇಕು, ಇಲ್ಲವೇ ತಂಡ ಹತ್ತೇ ಜನರಲ್ಲಿ ಮುಗಿಸಬೇಕು. ದೂರದ ಊರಿಗೆ ಹೋಗುವ ತಂಡಕ್ಕೆ ಒಬ್ಬನಿಗೆ ಗಿರಣಿಯ ರಜೆ ಸಿಗದಿದ್ದರೂ ಇದೇ ಗತಿ. 1880ರ ದಶಕದಲ್ಲಿ ಬ್ರಿಟನ್ನಿನಲ್ಲಿ ನೆಲೆಯೂರಿದ ವ್ಯೂಹ ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್. ಚೆಂಡು ತನ್ನ ಕಡೆಗೆ ಬರುವಾಗ ಎದುರಾಳಿಯ ಗೋಲಿನತ್ತ ತೀರಾ ಮುಂದೆ ನಿಂತಿರುವ ತಪ್ಪಿಗೆ ಆಫ್‌ಸೈಡ್ ಎನ್ನುತ್ತಾರೆ; ಅದು ಆಗದಿರಲು ಆಟಗಾರನ ಮುಂದೆ ಎದುರಾಳಿಗಳಲ್ಲಿ ಮೂವರು ಇರಬೇಕಿತ್ತು. ಈ ಮೂರು ಎರಡಕ್ಕೆ ಇಳಿದದ್ದು 1925ರಲ್ಲಿ. ತನ್ನದೇ ಅರ್ಧದಲ್ಲಿ ನಿಂತವನೂ ಆಫ್‌ಸೈಡ್ ಆಗಬಹುದಿತ್ತು, ಆ ನಿಯಮ ಹೋದದ್ದು 1907ರಲ್ಲಿ. ಗೋಲ್‌ಕೀಪರ್‌ನನ್ನು ಭುಜದಿಂದ ಗುದ್ದಿ ಕೆಡವುವುದು ಮಾಮೂಲು.

ಮೈದಾನದಲ್ಲಿ ಇಂದಿನಂಥ ಪೆನಾಲ್ಟಿ ಚೌಕವೂ ಇರಲಿಲ್ಲ, ಪೆನಾಲ್ಟಿ ಕಿಕ್ ಬಂದದ್ದೇ 1891ರಲ್ಲಿ. ಅದಕ್ಕೆ ಮೊದಲು ಗೋಲಿನ ಬಾಯಲ್ಲಿ ಬ್ಯಾಕ್ ಒಬ್ಬ ಕೈಯಿಂದ ಚೆಂಡು ತಡೆದರೂ ಸಿಗುತ್ತಿದ್ದದ್ದು ಬರೀ ಫ್ರೀ ಕಿಕ್. ಇಡೀ ತಂಡ ಗೋಲುಗಂಬಗಳ ನಡುವೆ ಗೋಡೆಯಂತೆ ನಿಂತರೆ ಅದರಿಂದ ಏನೂ ಗಿಟ್ಟುತ್ತಿರಲಿಲ್ಲ.

ತೀರ್ಪಿನ ವ್ಯವಸ್ಥೆಯೂ ಬೇರೆ. ಎರಡೂ ತಂಡಗಳ ಪರವಾಗಿ ಒಬ್ಬೊಬ್ಬ ಅಂಪೈರ್ ಮೈದಾನದೊಳಗೆ ಇರುತ್ತಿದ್ದರು. ಅವರಿಬ್ಬರ ಮಾತು ಕೂಡದಿದ್ದರೆ ಗೆರೆಯ ಆಚೆ ನಿಂತ ರೆಫರಿಯ ಬಳಿ ಹೋಗುತ್ತಿತ್ತು. ಕ್ರಿಕೆಟ್‌ನಲ್ಲಿ ಅಪೀಲು ಮಾಡದೆ ಔಟ್ ಕೊಡದಂತೆ, ಇಲ್ಲಿಯೂ ಆಟಗಾರರು ಕೂಗಿ ಕೇಳದಿದ್ದರೆ ಫೌಲ್ ಇಲ್ಲ. ರೆಫರಿ ಮೈದಾನದ ಒಳಗೆ ಬಂದು, ಅಂಪೈರುಗಳು ಲೈನ್ಸ್‌ಮನ್‌ಗಳಾಗಿ ಗೆರೆಗೆ ಸರಿದದ್ದು 1891ರ ಬದಲಾವಣೆಯಲ್ಲಿ. ಇದಕ್ಕೆ ಗೋಲುಬಲೆ ಇಲ್ಲದ್ದನ್ನೂ ಸೇರಿಸಿ. ಬಲೆ ಬ್ರಿಟನ್ನಿನಲ್ಲೇ ಬಳಕೆಗೆ ಬಂದದ್ದು 1891ರ ಸುಮಾರಿಗೆ. ಕೆಸರಲ್ಲಿ ನೆನೆದು ಭಾರವಾದ ಚರ್ಮದ ಚೆಂಡು ಗಂಬವನ್ನು ಸವರಿಕೊಂಡು ಹಿಂದಿದ್ದ ಜನರ ಕಾಲಡಿಗೆ ಹೋಯಿತು ಎನ್ನಿ. ಅದು ಗಂಬದ ಒಳಗಿನಿಂದ ಹೋಯಿತೋ ಹೊರಗಿನಿಂದಲೋ? ಒಬ್ಬ ಅಂಪೈರ್ ಒಳಗೆ ಎನ್ನುತ್ತಾನೆ, ಇನ್ನೊಬ್ಬ ಹೊರಗೆ ಎನ್ನುತ್ತಾನೆ, ರೆಫರಿ ಅರ್ಧ ಮೈದಾನ ದೂರದಲ್ಲಿದ್ದಾನೆ. ಚಳಿಗಾಲದ ಶನಿವಾರ ಬೇರೆ. ನಾಲ್ಕೂವರೆ, ಐದಕ್ಕೆಲ್ಲ ಕತ್ತಲು. ವಾದ ಮುಗಿಯುವಷ್ಟರಲ್ಲಿ ಚೆಂಡೇ ಕಾಣುವುದಿಲ್ಲ.

ಪಂದ್ಯ ಅಲ್ಲಿಗೆ ಮುಗಿಯುತ್ತಲೂ ಇರಲಿಲ್ಲ. ಸೋತ ತಂಡ ಅಸೋಸಿಯೇಷನ್ನಿಗೆ ಆಕ್ಷೇಪಣೆ ಸಲ್ಲಿಸಬಹುದಿತ್ತು: ಗೋಲು ಸರಿಯಲ್ಲ, ಆಟಗಾರ ಅರ್ಹನಲ್ಲ, ಮೈದಾನದ ಅಳತೆ ತಪ್ಪು, ಬೆಳಕಿರಲಿಲ್ಲ. ಅದನ್ನು ವಿಚಾರಿಸುವ ಸಮಿತಿಯಲ್ಲಿ ಕುಳಿತವರು ಕ್ಲಬ್ಬುಗಳ ಪ್ರತಿನಿಧಿಗಳೇ. ನಾಳೆ ತಮ್ಮ ತಂಡ ಎದುರಿಸಬೇಕಾದ ಎದುರಾಳಿ ಯಾರಾಗಬೇಕು ಎಂಬುದನ್ನು ಅವರೇ ತೀರ್ಮಾನಿಸುವ ಸ್ಥಿತಿ. ಇಂಥ ಏರ್ಪಾಡಿನಲ್ಲಿ ತೀರ್ಪು ಸರಿಯಾಗಿದ್ದರೂ ಸೋತವರಿಗೆ ಅದರ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಆ ಕಾಲದ ಸಂಸ್ಥೆಗಳ ದೊಡ್ಡ ದೌರ್ಬಲ್ಯ ಇದು ಎಂಬುದು ನನ್ನ ಅಭಿಪ್ರಾಯ. ಹಣದ ಕೊರತೆಗಿಂತ ಇದೇ ಹೆಚ್ಚು ಕಾಡಿತು.

1888ರಿಂದ ಕಪ್ ನ್ಯೂಜೆರ್ಸಿಯನ್ನು ಬಿಟ್ಟು ಉತ್ತರಕ್ಕೆ, ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಎಂಬ ಊರಿಗೆ ಹೋಯಿತು. 1890ರ ಜನಗಣತಿಯಲ್ಲಿ ಸುಮಾರು 74 ಸಾವಿರ ಜನಸಂಖ್ಯೆಯ, ಹತ್ತಿಬಟ್ಟೆಯನ್ನೇ ನಂಬಿದ ಊರು. ಕರ್ನಿಯವರು ಸ್ಕಾಟರಾದರೆ ಇಲ್ಲಿನವರು ಹೆಚ್ಚಾಗಿ ಇಂಗ್ಲೆಂಡಿನ ಲ್ಯಾಂಕಾಷೈರ್ ಕಡೆಯ ನೇಕಾರರು, ನೂಲುವವರು. ಅದು ಇಂಗ್ಲೆಂಡಿನ ಫುಟ್‌ಬಾಲ್ ಲೀಗನ್ನೇ ಹುಟ್ಟಿಸಿದ ಸೀಮೆ. ಮ್ಯಾಸಚೂಸೆಟ್ಸ್‌ನಲ್ಲಿ 1874ರ ಕಾನೂನು ಗಿರಣಿಗಳಲ್ಲಿ ಹೆಂಗಸರು, ಮಕ್ಕಳ ದುಡಿಮೆಯನ್ನು ವಾರಕ್ಕೆ 60 ಗಂಟೆಗೆ ಮಿತಿಗೊಳಿಸಿತ್ತು. ಹೆಂಗಸರಿಲ್ಲದೆ ಗಿರಣಿ ಓಡುವಂತಿರಲಿಲ್ಲ, ಹಾಗಾಗಿ ಗಂಡಸರಿಗೂ ಶನಿವಾರ ಒಂದಿಷ್ಟು ಬಿಡುವು ಸಿಕ್ಕಿತು. ಆಟಕ್ಕೆ ಬೇಕಾದದ್ದು ಅಷ್ಟೇ.

1888ರ ಫೈನಲ್‌ನಲ್ಲಿ ಫಾಲ್ ರಿವರ್ ರೋವರ್ಸ್ ತಂಡ ನ್ಯೂವಾರ್ಕ್‌ನ ಅಲ್ಮಾ ತಂಡವನ್ನು 5–1ರಿಂದ ಮಣಿಸಿತು. 1889ರಲ್ಲೂ ರೋವರ್ಸ್ ಗೆದ್ದಿತು. 1890ರಲ್ಲಿ ಅದೇ ಊರಿನ ಒಲಿಂಪಿಕ್ಸ್, 1891 ಮತ್ತು 1892ರಲ್ಲಿ ಅದೇ ಊರಿನ ಈಸ್ಟ್ ಎಂಡ್ಸ್. 1893ರಲ್ಲಿ ಪಕ್ಕದ ರೋಡ್ ಐಲೆಂಡಿನ ಪಾಟಕೆಟ್ ಫ್ರೀ ವಾಂಡರರ್ಸ್ (ಪಾಟಕೆಟ್ ಕೂಡ ದಾರದ ಊರೇ, ಪೇಸ್ಲಿಯ ಕೋಟ್ಸ್ ಕಂಪನಿಯ ನೆಲೆ), 1894ರಲ್ಲಿ ಮತ್ತೆ ಒಲಿಂಪಿಕ್ಸ್. ಏಳು ವರ್ಷ ಕಪ್ ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ಸೇರಿದ ಅಮೆರಿಕದ ಈಶಾನ್ಯ ಸೀಮೆ) ಬಿಟ್ಟು ಹೊರಗೆ ಹೋಗಲಿಲ್ಲ, ಅದರಲ್ಲಿ ಆರು ಸಲ ಒಂದೇ ಊರಿನ ಮೂರು ಕ್ಲಬ್ಬುಗಳಿಗೆ ಸಿಕ್ಕಿತು. ಕ್ವಿಜ್‌ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಅಪರೂಪ.

ಈ ಸಂಸ್ಥೆ ಕಪ್ಪಿನ ಜೊತೆಗೆ ಇನ್ನೊಂದು ಕೆಲಸ ಮಾಡಿತು. 1885ರ ನವೆಂಬರ್ 28ರಂದು ಓಎನ್‌ಟಿ ಮೈದಾನದಲ್ಲಿ ಅಮೆರಿಕದ ಆಯ್ದ ತಂಡ ಕೆನಡಾದ ತಂಡವನ್ನು ಎದುರಿಸಿ 0–1ರಿಂದ ಸೋತಿತು. ಮರುವರ್ಷ ಅಮೆರಿಕದವರು ಗೆದ್ದರು. ಇವು ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಅಧಿಕೃತ ಲೆಕ್ಕ ಶುರುವಾಗುವುದು 1916ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ ವಿರುದ್ಧ 3–2ರಿಂದ ಗೆದ್ದ ಪಂದ್ಯದಿಂದ. 1891ರಲ್ಲಿ ಬ್ರಿಟನ್ ಪ್ರವಾಸ ಹೋದ ಕೆನಡಾ–ಅಮೆರಿಕ ಜಂಟಿ ತಂಡದಲ್ಲಿ ಫಾಲ್ ರಿವರ್‌ನ ಆಟಗಾರರೂ ಇದ್ದರು.

ಇನ್ನು ಕಪ್ ಏನಾಯಿತು ಎಂಬುದು. 1893ರಲ್ಲಿ ಅಮೆರಿಕದ ಬ್ಯಾಂಕುಗಳು, ರೈಲ್ವೆ ಕಂಪನಿಗಳು ಸಾಲುಸಾಲಾಗಿ ಮುಳುಗಿ ದೇಶ ದೊಡ್ಡ ಹಿಂಜರಿತಕ್ಕೆ ಬಿತ್ತು. ಗಿರಣಿಗಳಲ್ಲಿ ಕೂಲಿ ಕಡಿತ, ಮುಷ್ಕರ, ಬೀಗಮುದ್ರೆ. ಗಿರಣಿ ನಿಂತರೆ ಆಟಗಾರನೂ ಇಲ್ಲ, ಟಿಕೆಟ್ ಕೊಳ್ಳುವವನೂ ಇಲ್ಲ, ಏಕೆಂದರೆ ಇಬ್ಬರೂ ಒಂದೇ ಮಗ್ಗದ ಮುಂದೆ ನಿಲ್ಲುವವರು. ಅದರ ಮೇಲೆ 1894ರ ಅಕ್ಟೋಬರ್‌ನಲ್ಲಿ ಬೇಸ್‌ಬಾಲ್ ತಂಡಗಳ ಮಾಲೀಕರು ಚಳಿಗಾಲದಲ್ಲಿ ಖಾಲಿ ಬೀಳುವ ತಮ್ಮ ಮೈದಾನಗಳನ್ನು ತುಂಬಿಸಲು ವೃತ್ತಿಪರ ಫುಟ್‌ಬಾಲ್ ಲೀಗ್ ಒಂದನ್ನು ತೆರೆದರು. ಬಾಲ್ಟಿಮೋರ್, ಬೋಸ್ಟನ್, ಬ್ರೂಕ್ಲಿನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್, ಒಟ್ಟು ಆರು ತಂಡ. ಅಸೋಸಿಯೇಷನ್ ಅದಕ್ಕೆ ವಿರೋಧವಾಗಿ ನಿಂತಿತು. ಲೀಗಿನ ಪಂದ್ಯಗಳಲ್ಲಿ ಹಲವನ್ನು ಕೆಲಸದ ದಿನದ ಮಧ್ಯಾಹ್ನ ಇಟ್ಟಿದ್ದರು. ಈ ಆಟವನ್ನು ನೋಡುವವನು ಆ ಹೊತ್ತಿಗೆ ಗಿರಣಿಯೊಳಗೆ ಇರುತ್ತಾನೆ ಎಂಬುದು ಮಾಲೀಕರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ. ಬಾಲ್ಟಿಮೋರ್ ಬ್ರಿಟಿಷ್ ಆಟಗಾರರನ್ನು ತಂದಿದೆ ಎಂಬ ಗದ್ದಲವೂ ಎದ್ದು, ಆ ತಿಂಗಳು ಮುಗಿಯುವುದರೊಳಗೆ ಲೀಗ್ ಮುಚ್ಚಿತು.

ಕಪ್ ಹೇಗೋ ಕುಂಟುತ್ತಾ ಸಾಗಿತು. 1895ರಲ್ಲಿ ನ್ಯೂವಾರ್ಕ್ ಕ್ಯಾಲಿಡೋನಿಯನ್ಸ್, 1896ರಲ್ಲಿ ರೇಷ್ಮೆ ಗಿರಣಿಗಳ ಊರಾದ ಪ್ಯಾಟರ್ಸನ್‌ನ ಟ್ರೂ ಬ್ಲೂಸ್, 1897ರಲ್ಲಿ ಫಿಲಡೆಲ್ಫಿಯಾದ ಮ್ಯಾಂಜ್, 1898ರಲ್ಲಿ ಕರ್ನಿಯ ಆರ್ಲಿಂಗ್ಟನ್ ಗೆದ್ದವು. ಅಲ್ಲಿಗೆ ನಿಂತಿತು. 1899ರಿಂದ 1905ರವರೆಗೆ ಕಪ್ ಇಲ್ಲ. 1905ರಲ್ಲಿ ಪಿಲ್ಗ್ರಿಮ್ಸ್ ಎಂಬ ಇಂಗ್ಲಿಷ್ ಹವ್ಯಾಸಿ ತಂಡ ಅಮೆರಿಕ ಸುತ್ತಿ ಹೋದ ಮೇಲೆ ಮತ್ತೆ ಉತ್ಸಾಹ ಹುಟ್ಟಿ 1906ರಲ್ಲಿ ಕಪ್ ಮರಳಿತು. ಆ ವರ್ಷ ಗೆದ್ದದ್ದು ವೆಸ್ಟ್ ಹಡ್ಸನ್.

ಕಪ್ಪಿನ ಈ ಎರಡನೆಯ ಇನಿಂಗ್ಸ್ ಕೆಡಿಸಿದ್ದು ಅಸೋಸಿಯೇಷನ್ನಿನ ಹಳೆಯ ಲಂಡನ್ ಸಂಯೋಜನೆ. 1911ರಲ್ಲಿ ಪ್ರತಿಸ್ಪರ್ಧಿಯಾಗಿ ಅಮೆರಿಕನ್ ಅಮೆಚೂರ್ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ 1912ರ ಸ್ಟಾಕ್‌ಹೋಮ್ ಸಮಾವೇಶಕ್ಕೆ ಅದು ತನ್ನ ಕಾರ್ಯದರ್ಶಿ ಥಾಮಸ್ ಕಾಹಿಲ್ ಅವರನ್ನೇ ಕಳಿಸಿತು. ಹಳೆಯ ಸಂಸ್ಥೆಯ ಪರ ಮಾತಾಡಿದವರು ಇಂಗ್ಲೆಂಡಿನ ಎಫ್‌ಎ ಕಾರ್ಯದರ್ಶಿ ಫ್ರೆಡರಿಕ್ ವಾಲ್. ಇಬ್ಬರೂ ಮನೆಗೆ ಹೋಗಿ ರಾಜಿಯಾಗಿ ಬನ್ನಿ ಎಂದಿತು ಫಿಫಾ. ರಾಜಿ ಕೂಡಲಿಲ್ಲ. 1913ರ ಏಪ್ರಿಲ್ 5ರಂದು ಅಮೆಚೂರ್ ಬಣದ ನೇತೃತ್ವದಲ್ಲಿ ಯುನೈಟೆಡ್ ಸ್ಟೇಟ್ಸ್ ಫುಟ್‌ಬಾಲ್ ಅಸೋಸಿಯೇಷನ್ ರಚನೆಯಾಯಿತು, ಫಿಫಾ ಮಾನ್ಯತೆ ಅದಕ್ಕೇ ಸಿಕ್ಕಿತು. ಅದು ತಂದ ಹೊಸ ಕಪ್ಪೇ ನ್ಯಾಷನಲ್ ಚಾಲೆಂಜ್ ಕಪ್. 1914ರ ಮೇನಲ್ಲಿ ಪಾಟಕೆಟ್‌ನಲ್ಲಿ ನಡೆದ ಅದರ ಮೊದಲ ಫೈನಲ್‌ನಲ್ಲಿ ಬ್ರೂಕ್ಲಿನ್ ಫೀಲ್ಡ್ ಕ್ಲಬ್ ತಂಡ ಬ್ರೂಕ್ಲಿನ್ ಸೆಲ್ಟಿಕ್ ತಂಡವನ್ನು 2–1ರಿಂದ ಸೋಲಿಸಿತು. ಅಮೆರಿಕನ್ ಕಪ್ ಪಕ್ಕದಲ್ಲೇ 1924ರವರೆಗೆ ನಡೆದು ನಿಂತುಹೋಯಿತು. ಹಿರಿಯದಾದರೂ ಅದು ಆ ಹೊತ್ತಿಗೆ ಎರಡನೆಯ ದರ್ಜೆಗೆ ಇಳಿದಿತ್ತು.

ಬ್ರಿಟನ್ನಿನ ಆಚೆಯ ಮೊದಲ ಕಪ್ ಎನ್ನಬಹುದೇ? ಬೇಡ. ಕೆನಡಾದ ಆಂಟಾರಿಯೊದಲ್ಲಿ ವೆಸ್ಟರ್ನ್ ಫುಟ್‌ಬಾಲ್ ಅಸೋಸಿಯೇಷನ್ 1880ರಲ್ಲೇ ಹುಟ್ಟಿ ಸ್ಪರ್ಧೆ ನಡೆಸುತ್ತಿತ್ತು. ನಮ್ಮ ಡ್ಯುರಾಂಡ್ ಕಪ್‌ಗಿಂತ ಹಳೆಯದು ಎಂದರೆ ಯಾರೂ ಅಲ್ಲಗಳೆಯಲಾರರು. ಡ್ಯುರಾಂಡ್ ಶಿಮ್ಲಾದಲ್ಲಿ ಶುರುವಾದದ್ದು 1888ರಲ್ಲಿ, ಅಂದರೆ ಫಾಲ್ ರಿವರ್ ರೋವರ್ಸ್ ಮೊದಲ ಸಲ ಅಮೆರಿಕನ್ ಕಪ್ ಗೆದ್ದ ವರ್ಷ. ವ್ಯತ್ಯಾಸ ಇಷ್ಟೇ: ಡ್ಯುರಾಂಡ್ ಇನ್ನೂ ಇದೆ, 2022ರಲ್ಲಿ ಅದನ್ನು ಬೆಂಗಳೂರು ಎಫ್‌ಸಿ ಗೆದ್ದಿತು.

ಪ್ರಶ್ನೆ ಬರೆಯುವ ಮೊದಲು ಕೆಲವು ಕಡೆ ಎಡವದಂತೆ ನೋಡಿಕೊಳ್ಳಿ. ವರ್ಷವನ್ನು ಫೈನಲ್ ನಡೆದ ವರ್ಷದಿಂದ ಹೇಳಿ, ಇಲ್ಲವೇ 1884–85 ಎಂದು ಎರಡನ್ನೂ ಬರೆಯಿರಿ. ಹಂಗಾಮು ಆರಂಭವಾದ ವರ್ಷ ಹಾಕಿದ ಪಟ್ಟಿಗೂ ಮುಗಿದ ವರ್ಷ ಹಾಕಿದ ಪಟ್ಟಿಗೂ ಒಂದು ವರ್ಷ ಸರಿದುಹೋಗಿ ವಿಜೇತರೇ ಅದಲುಬದಲಾಗುತ್ತಾರೆ. ಅಮೆರಿಕನ್ ಕಪ್, ಎಎಫ್‌ಎ ಕಪ್, ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್ ಚಾಲೆಂಜ್ ಕಪ್ ಮೂರೂ ಒಂದೇ. ರೋವರ್ಸ್, ರೇಂಜರ್ಸ್ ಎಂಬ ಹೆಸರನ್ನು ಊರಿನ ಹೆಸರಿಲ್ಲದೆ ಬರೆಯಬೇಡಿ, ಅಂಥ ಹೆಸರಿನ ತಂಡಗಳು ಹಲವು ಊರಲ್ಲಿದ್ದವು. 1907ರ ಕಪ್ ಗೆದ್ದ ಕ್ಲಾರ್ಕ್ ಎಎ ತಂಡವನ್ನು 1885ರ ಕ್ಲಾರ್ಕ್ ಓಎನ್‌ಟಿಯ ನಾಲ್ಕನೆಯ ಗೆಲುವು ಎಂದು ಕೂಡಿಸಬೇಡಿ. ಪ್ಯಾಟರ್ಸನ್ ಟ್ರೂ ಬ್ಲೂಸ್ 1896, 1909, 1913ರಲ್ಲಿ ಗೆದ್ದಿದೆ. ಹತ್ತೊಂಬತ್ತನೆಯ ಶತಮಾನಕ್ಕೆ ಸೇರುವುದು ಮೊದಲನೆಯದು ಮಾತ್ರ.

ಮೂಲ ವರದಿಯನ್ನೇ ಓದುವ ಮನಸ್ಸಿದ್ದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳ ಪುಟಗಳನ್ನು ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ‘ಫುಟ್‌ಬಾಲ್’ ಎಂದು ಮಾತ್ರ ಹುಡುಕಿದರೆ ಕಾಲೇಜುಗಳ ಆಟದ ರಾಶಿಯೇ ಬರುತ್ತದೆ. ‘ಅಸೋಸಿಯೇಷನ್’ ಪದವನ್ನೋ ಕ್ಲಬ್ಬಿನ ಹೆಸರನ್ನೋ ಜೊತೆಗೆ ಹಾಕಿ. ‘ಸಾಕರ್’ ಎಂದು ಹುಡುಕಿದರೆ 1880ರ ದಶಕದಲ್ಲಿ ಏನೂ ಸಿಗುವುದಿಲ್ಲ, ಆ ಪದ ಆಗಿನ್ನೂ ಅಮೆರಿಕದ ಪತ್ರಿಕೆಗಳಿಗೆ ಬಂದಿರಲಿಲ್ಲ. ಓಎನ್‌ಟಿಯನ್ನು ಅಕ್ಷರಗಳ ನಡುವೆ ಚುಕ್ಕಿ ಇಟ್ಟು ಒಮ್ಮೆ, ಇಡದೆ ಒಮ್ಮೆ ಹುಡುಕಬೇಕು; ಮಸುಕಾದ ಅಚ್ಚನ್ನು ಯಂತ್ರ ಓದುವಾಗ ಆ ಮೂರು ಅಕ್ಷರ ಆಗಾಗ ಏನೇನೋ ಆಗಿರುತ್ತವೆ. ಶನಿವಾರದ ಪಂದ್ಯದ ವರದಿ ಭಾನುವಾರದ ಅಥವಾ ಸೋಮವಾರದ ಸಂಚಿಕೆಯಲ್ಲಿರುತ್ತದೆ. ಸಿಕ್ಕ ಮೇಲೆ ಅಲ್ಲಿಗೇ ನಿಲ್ಲಿಸದೆ ಮುಂದಿನ ಎರಡು ವಾರದ ಪುಟಗಳನ್ನೂ ತಿರುವಿ ಹಾಕಿ, ಏಕೆಂದರೆ ನೀವು ಬರೆದುಕೊಂಡ ಸ್ಕೋರ್ ಅಷ್ಟರಲ್ಲಿ ಆಕ್ಷೇಪಣೆಗೆ ಸಿಕ್ಕಿ ರದ್ದಾಗಿ, ಮರುಪಂದ್ಯದ ದಿನ ಗೊತ್ತಾಗಿರಬಹುದು.